ತೊಳೆದ ಕಾಲನ್ನೇ ತೊಳೆದೆ

ಎಲ್ಲರಿಗೂ ನಮಸ್ಕಾರ. ರೊಟ್ಟಿ ಬಡಿಯುತ್ತಾ ಕೇಳುತ್ತಿರುವ ಅಕ್ಕಂದಿರೇ, ರೇಡಿಯೋ ಸ್ವಲ್ಪ ಜೋರು ಮಾಡಿಕೊಳ್ಳಿ. ಕ್ರೈಸ್ತರ ಬದುಕು ಬೇರೆ ಥರ ಕಾಣಬೇಕು ಅಂತಾರಲ್ಲ, ಅದು ಹೇಗೆ ಅಂತ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಎಂಟು ನಿಮಿಷ ಕೊಟ್ಟಿದ್ದಾರೆ. ನನ್ನ ಹತ್ತಿರ ಇರುವುದು ಒಂದೇ ಮಾತು. ಕೊಳೆಯಾದ ಕಾಲು ತೊಳೆಯಿರಿ. ತೊಳೆದ ಕಾಲನ್ನು ತೊಳೆಯುವುದು ಸೇವೆ ಅಲ್ಲ.

ಬೈಬಲ್ಲಿನಲ್ಲಿ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ತೆಗೆದು ನೋಡಿ. ಆ ಕಾಲದಲ್ಲಿ ಜನ ಧೂಳಿನ ದಾರಿಯಲ್ಲಿ ನಡೆದು ಬರುತ್ತಿದ್ದರು, ಬಂದವರ ಕಾಲು ತೊಳೆಯುವುದು ಆಳಿನ ಕೆಲಸ. ಯೇಸುಸ್ವಾಮಿಯ ಕೊನೆಯ ಊಟಕ್ಕೆ ಹನ್ನೆರಡು ಜನ ಶಿಷ್ಯರು ಕೂತಿದ್ದರು, ಒಬ್ಬನೂ ಏಳಲಿಲ್ಲ. ಏಳುವುದು ಹಾಗಿರಲಿ, ಅದೇ ಊಟದಲ್ಲಿ ನಮ್ಮೊಳಗೆ ಯಾರು ದೊಡ್ಡವರು ಅಂತ ಜಗಳ ತೆಗೆದರು, ಅದನ್ನು ಇನ್ನೊಂದು ಸುವಾರ್ತೆಯಲ್ಲಿ ಲೂಕ ಬರೆದಿಟ್ಟಿದ್ದಾನೆ. ನಮ್ಮ ಸಭೆಯ ಕಮಿಟಿ ಮೀಟಿಂಗ್ ನೆನಪಾಗುತ್ತದೆ, ಅಲ್ವಾ? ಆಗ ಸ್ವಾಮಿ ಎದ್ದು, ಮೇಲಂಗಿ ತೆಗೆದಿಟ್ಟು, ಟವೆಲ್ಲು ಸೊಂಟಕ್ಕೆ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ ಅವರ ಕಾಲು ತೊಳೆದರು, ಒರೆಸಿದರು. ಸ್ವಾಮಿಯನ್ನೇ ವೈರಿಗಳಿಗೆ ಹಿಡಿದುಕೊಡಲು ಹೊರಟಿದ್ದ ಶಿಷ್ಯ ಯೂದನೂ ಅಲ್ಲೇ ಇದ್ದ. ಅವನನ್ನೂ ಬಿಟ್ಟು ಮುಂದೆ ಹೋಗಲಿಲ್ಲ.

ಈಗ ನನ್ನ ಕಥೆ ಕೇಳಿ. ಆಗ ನಾನು ಹೊಸ ಸಭಾಪಾಲಕ, ಘಟಪ್ರಭಾ ದಂಡೆಯ ಒಂದು ಹಳ್ಳಿ. ಆ ಕೊನೆಯ ಊಟವನ್ನು ನೆನೆಯುವ ಪವಿತ್ರ ಗುರುವಾರದ ಸಂಜೆ ಹನ್ನೆರಡು ಜನರ ಕಾಲು ತೊಳೆಯುವುದು ಅಂತ ತೀರ್ಮಾನ ಆಯಿತು. ನನಗೋ ಎಲ್ಲಿಲ್ಲದ ಉತ್ಸಾಹ. ಹೊಸ ಟವೆಲ್ಲು, ಹುಣಸೆಹಣ್ಣು ಹಚ್ಚಿ ಉಜ್ಜಿದ ತಾಮ್ರದ ಬೋಗುಣಿ, ಉಗುರುಬೆಚ್ಚಗಿನ ನೀರು. ಬಂದವರೆಲ್ಲ ಮನೆಯಲ್ಲೇ ಸೋಪು ಹಚ್ಚಿ ಕಾಲು ತೊಳೆದುಕೊಂಡು, ಉಗುರು ಕತ್ತರಿಸಿಕೊಂಡು ಬಂದಿದ್ದರು. ಒಬ್ಬರಂತೂ ಪೌಡರ್ ಹಾಕಿದ್ದರು, ಸುಳ್ಳಲ್ಲ. ಹನ್ನೊಂದು ಜನರ ಕಾಲು ತೊಳೆದೆ, ನೀರು ಕುಡಿಯುವ ಹಾಗಿತ್ತು.

ಹನ್ನೆರಡನೆಯವನು ಓಡುತ್ತಾ ಬಂದ. ಅವತ್ತು ಮಧ್ಯಾಹ್ನ ಇರಬೇಕಾದ ಕರೆಂಟು ಸಂಜೆಗೆ ಬಂದಿತ್ತಂತೆ, ಕಬ್ಬಿಗೆ ನೀರು ಹಾಯಿಸಿ ಸೀದಾ ಬಂದಿದ್ದ. ಮೊಣಕಾಲಿನವರೆಗೆ ಎರೆಮಣ್ಣು. ನಮ್ಮ ಕಡೆಯ ಎರೆ ನಿಮಗೆ ಗೊತ್ತಲ್ಲ, ಹತ್ತಿತು ಅಂದರೆ ಬಿಡುವುದಿಲ್ಲ. ಹಿಮ್ಮಡಿಯ ಸೀಳಿನಲ್ಲಿ ಕಪ್ಪಗೆ ತುಂಬಿಕೊಂಡಿತ್ತು. ನಾನು ಬೋಗುಣಿ ನೋಡಿದೆ, ಬಿಳಿ ಟವೆಲ್ಲು ನೋಡಿದೆ. ಅವನು ನನ್ನ ಮುಖ ನೋಡಿದ. "ಅಯ್ಯನೋರ, ತಡೀರಿ, ನಾ ನಳದಾಗ ತೊಳಕೊಂಡ ಬರ್ತೇನ್ರಿ" ಅಂದ.

ನಾನು "ಹ್ಞೂಂ, ಬೇಗ ಬಾ" ಅಂದೆ.

ಹಾಗೇ ಅಂದೆ. ಅವನು ಹೊರಗೆ ಹೋಗಿ ಕಲ್ಲಿಗೆ ಹಿಮ್ಮಡಿ ಉಜ್ಜುವ ಸದ್ದು ಒಳಗೆ ಕೇಳುತ್ತಿತ್ತು, ಹಾಡು ಮುಗಿದು ಹೋಗಿದ್ದರಿಂದ ಇನ್ನೂ ಚೆನ್ನಾಗಿ ಕೇಳುತ್ತಿತ್ತು. ಆಮೇಲೆ ಬಂದು ಕೂತ. ಅವನ ಸ್ವಚ್ಛ ಕಾಲಿನ ಮೇಲೆ ನಾನು ನೀರು ಸುರಿದು, ಒರೆಸಿ, ಪ್ರಾರ್ಥನೆ ಮಾಡಿದೆ. ಜನ "ಚಂದ ಆತ್ರಿ" ಅಂದರು. ಆ ಗುರುವಾರ ಇಡೀ ಗುಡಿಯಲ್ಲಿ ತೊಳೆಯಬೇಕಾಗಿದ್ದದ್ದು ಎರಡೇ ಎರಡು ಕಾಲು, ಅವನ್ನು ತೊಳೆದವನು ನಾನಲ್ಲ.

ಕಥೆ ಉದ್ದ ಆಯಿತು, ಇನ್ನು ಬೇಗ ಹೇಳುತ್ತೇನೆ. ಪ್ರತಿ ಕ್ರಿಸ್‌ಮಸ್‌ಗೆ ಆಸ್ಪತ್ರೆಯಲ್ಲಿ ಹಣ್ಣು ಹಂಚುತ್ತೇವೆ. ಒಂದು ಸೇಬು, ಅದನ್ನು ಹಿಡಿಯಲು ಐದು ಕೈ, ಹಿಂದೆ ಬ್ಯಾನರು, ಮುಂದೆ ಫೋಟೋ. ಮಂಚದಲ್ಲಿ ಮಲಗಿದವನಿಗೆ ಸೇಬು ಕಚ್ಚಲು ಹಲ್ಲಿಲ್ಲ. ಅವನಿಗೆ ಬೇಕಾಗಿದ್ದದ್ದು ಬೆಡ್‌ಪ್ಯಾನ್ ತೆಗೆಯುವವರು. ಸಿಟ್ಟು ಮಾಡ್ಕೋಬೇಡಿ, ನಾನೂ ಆ ಫೋಟೋಗಳಲ್ಲಿದ್ದೇನೆ.

ಮನೆಯಲ್ಲೂ ಇದೇ. ಮಾತು ನಿಂತು ಹೋದ ಅತ್ತೆಯ ಬಟ್ಟೆ ಬದಲಿಸುವುದು ಯಾವಾಗಲೂ ಸೊಸೆಯೇ, ಮಗ ಗುಡಿಯಲ್ಲಿ ಬೈಬಲ್ ಓದುತ್ತಿರುತ್ತಾನೆ. ಅಣ್ಣಾ, ಓದುವುದು ಒಳ್ಳೆಯದೇ, ಒಂದು ದಿನ ಬಟ್ಟೆಯನ್ನೂ ಬದಲಿಸು. ಬೇರೆ ಥರ ಬದುಕುವುದು ಅಂದರೆ ಬಿಳಿ ಅಂಗಿ ಹಾಕುವುದಲ್ಲ, ಕಾರಿನ ಗಾಜಿಗೆ ಶಿಲುಬೆ ಅಂಟಿಸುವುದೂ ಅಲ್ಲ. "ಎನಗಿಂತ ಕಿರಿಯರಿಲ್ಲ" ಅಂದ ಬಸವಣ್ಣನವರ ಕೂಡಲಸಂಗಮ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ, ಈ ಮಾತು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ.

ತೊಳೆಸಿಕೊಳ್ಳುವುದೂ ಕಷ್ಟ, ಆ ಊಟದಲ್ಲಿ ಶಿಷ್ಯ ಪೇತ್ರ ಸ್ವಾಮಿಗೆ ನನ್ನ ಕಾಲು ತೊಳೆಯುವುದು ಬೇಡ ಅಂದದ್ದು ಅದಕ್ಕೇ. ಅದರ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಆದರೆ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ.

ಭಾನುವಾರ ಆಸ್ಪತ್ರೆಗೆ ಹೋಗುವವರು ಹಣ್ಣು ಬಿಡಿ, ಒಂದು ಬಕೆಟ್ಟು, ಎರಡು ಹಳೆ ಟವೆಲ್ಲು ತಗೊಂಡು ಹೋಗಿ. ಹಳೆಯವೇ ಇರಲಿ, ಬಿಳಿಯವು ಬೇಡ. ನಮಸ್ಕಾರ.