ನಾಳೆ ಮತ್ತೆ ಬನ್ನಿ

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ನನ್ನ ಫೋನಿನಿಂದ ಒಂದು ಗೇಮ್ ತೆಗೆದುಹಾಕಿದೆ. ಬಣ್ಣದ ಚೌಕಗಳನ್ನು ಜೋಡಿಸುವ ಸಣ್ಣ ಆಟ, ಪುಕ್ಕಟೆ ಸಿಕ್ಕಿದ್ದು. ದಿನಾ ತೆರೆದ ಕೂಡಲೇ ಏಳು ಪೆಟ್ಟಿಗೆ ಕಾಣುತ್ತಿದ್ದವು. ದಿನಕ್ಕೆ ಒಂದನ್ನು ತೆರೆಯಬಹುದು. ಏಳನೆಯದು ಎಲ್ಲಕ್ಕಿಂತ ದೊಡ್ಡದು. ನಡುವೆ ಒಂದು ದಿನ ತಪ್ಪಿದರೆ ಮತ್ತೆ ಮೊದಲಿನಿಂದ ಶುರು. ಆರು ದಿನ ಆಡಿದ್ದೆ, ಏಳನೇ ದಿನ ಜ್ವರ ಬಂತು. ಮೈ ಸುಡುತ್ತಿದ್ದರೂ ದಿಂಬಿನ ಕೆಳಗೆ ಫೋನ್ ಹುಡುಕಿದೆ. ಆಡುವ ಮನಸ್ಸು ಇರಲೇ ಇಲ್ಲ. ಆ ಪೆಟ್ಟಿಗೆ ಕೈತಪ್ಪಿ ಹೋಗುತ್ತಲ್ಲಾ ಅನ್ನೋ ಸಂಕಟ, ಅಷ್ಟೇ.

ಆ ಗೇಮ್ ಮಾಡಿದವರಿಗೆ ನಾನು ಗೆಲ್ಲಬೇಕೆಂದಿಲ್ಲ, ಸೋಲಬೇಕೆಂದೂ ಇಲ್ಲ. ನಾಳೆ ಮತ್ತೆ ಬರಬೇಕು. ಸೋಷಿಯಲ್ ಮೀಡಿಯಾ ಕಂಪನಿಗಳಿಗೆ ಬೇಕಾಗಿರುವುದೂ ಇದೇ. ಈ ಎರಡು ವ್ಯಾಪಾರಗಳು ಒಂದರ ಉಪಾಯವನ್ನು ಇನ್ನೊಂದು ಕಲಿತುಕೊಂಡು ಬೆಳೆದ ಬಗೆಯನ್ನು ಇವತ್ತು ನಿಮಗೆ ಹೇಳಬೇಕು.

ಮೊದಲು ಗೇಮ್ ವ್ಯಾಪಾರ ತುಂಬಾ ಸರಳವಾಗಿತ್ತು. ಅಂಗಡಿಗೆ ಹೋಗಿ, ಐವತ್ತು ಅರವತ್ತು ಡಾಲರ್ ಕೊಟ್ಟು ಡಿಸ್ಕ್ ತಂದರೆ ಮುಗೀತು. ಆಮೇಲೆ ನೀವು ಹತ್ತು ನಿಮಿಷ ಆಡಿದರೂ ಒಂದೇ, ಹತ್ತು ವರ್ಷ ಆಡಿದರೂ ಒಂದೇ. 2006ರಲ್ಲಿ ಆಬ್ಲಿವಿಯನ್ ಎಂಬ ಗೇಮಿನಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಲು ಹೊರಟಾಗ ಆಟಗಾರರು ಸಿಟ್ಟಾದರು. ಗೇಮಿಗೆ ದುಡ್ಡು ಕೊಟ್ಟ ಮೇಲೆ ಇದಕ್ಕೂ ಕೊಡಬೇಕಾ ಅಂತ ಕೇಳಿದರು. ಇವತ್ತು ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಅಷ್ಟು ರೂಢಿಯಾಗಿಬಿಟ್ಟಿದೆ.

ಎರಡೂ ವ್ಯಾಪಾರಗಳು ಕೈ ಕೂಡಿಸಿದ್ದು 2009ರ ಜೂನ್‌ನಲ್ಲಿ ಅಂತ ನಾನು ಹೇಳುತ್ತೇನೆ. ಜಿಂಗಾ ಎಂಬ ಕಂಪನಿ ಫೇಸ್‌ಬುಕ್‌ನಲ್ಲಿ ಫಾರ್ಮ್‌ವಿಲ್ ತಂದದ್ದು ಆಗ. ನಿಮ್ಮದೊಂದು ಪುಟ್ಟ ಹೊಲ. ಉಳಬೇಕು, ಬಿತ್ತಬೇಕು, ಕೊಯ್ಯಬೇಕು. ಸ್ಟ್ರಾಬೆರಿ ಹಾಕಿದರೆ ನಾಲ್ಕು ಗಂಟೆಗೆ ಕೊಯ್ಲಿಗೆ ಬರುತ್ತಿತ್ತು. ಸಮಯಕ್ಕೆ ಬಂದು ಕೊಯ್ಯದಿದ್ದರೆ ಬೆಳೆ ಬಾಡುತ್ತಿತ್ತು. ಬಾಡಿದ ಬೆಳೆ ಕಂದು ಬಣ್ಣಕ್ಕೆ ತಿರುಗಿ ಪರದೆ ತುಂಬಾ ಒಣಗಿ ನಿಂತಿರುತ್ತಿತ್ತು. ಅದನ್ನು ನೋಡಿ ಯಾರ ಮನಸ್ಸಿಗೆ ಕಸಿವಿಸಿ ಆಗುವುದಿಲ್ಲ ಹೇಳಿ! ಹೊಲ ಬೇಗ ಬೆಳೆಯಬೇಕೆಂದರೆ ಗೆಳೆಯರನ್ನು ಕರೆಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಜನ ಎರಡನ್ನೂ ಮಾಡಿದರು. ಫೇಸ್‌ಬುಕ್‌ಗೆ ದಿನಾ ಹಲವು ಸಲ ಬಂದುಹೋಗುವ ಜನ ಸಿಕ್ಕರು, ಜಿಂಗಾಗೆ ದುಡ್ಡು ಸಿಕ್ಕಿತು. 2011ರಲ್ಲಿ ಫೇಸ್‌ಬುಕ್ ಆದಾಯದಲ್ಲಿ ನೂರಕ್ಕೆ 12 ಪಾಲು ಈ ಒಂದೇ ಕಂಪನಿಯಿಂದ ಬಂದಿತ್ತು. ಆ ಹೊಲ 2020ರ ಡಿಸೆಂಬರ್ 31ಕ್ಕೆ ಮುಚ್ಚಿತು. ಬೆಳೆ ಬಾಡಿಸುವ ಉಪಾಯ ಮಾತ್ರ ಇನ್ನೂ ಎಲ್ಲ ಕಡೆ ಇದೆ. ನನ್ನ ಏಳು ಪೆಟ್ಟಿಗೆ ಅದೇ ಸ್ಟ್ರಾಬೆರಿ ಗಿಡದ ಮೊಮ್ಮಗ.

ಈಗ ಫೋರ್ಟ್‌ನೈಟ್ ಎಂಬ ಗೇಮ್ ನೋಡಿ. 2017ರಲ್ಲಿ ಬಂದ ಇದರ ಬ್ಯಾಟಲ್ ರಾಯಲ್, ಅಂದರೆ ಕೊನೆಗೆ ಉಳಿದವರೇ ಗೆಲ್ಲುವ ಆಟಕ್ಕೆ ದುಡ್ಡಿಲ್ಲ. ದುಡ್ಡು ಇರುವುದು ವೇಷಕ್ಕೆ. ಆಟಗಾರರು ಅದನ್ನು ಸ್ಕಿನ್ ಅಂತಾರೆ. ಅದನ್ನು ಹಾಕಿಕೊಂಡರೆ ಗುಂಡು ಜಾಸ್ತಿ ಗುರಿ ಮುಟ್ಟುವುದಿಲ್ಲ, ಜೀವ ಜಾಸ್ತಿ ಉಳಿಯುವುದಿಲ್ಲ. ಮತ್ತೆ ಯಾಕೆ ಕೊಳ್ಳುತ್ತಾರೆ? ಗೆಳೆಯರು ನೋಡುತ್ತಾರೆ, ಅದಕ್ಕೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಗಾಯಕ ಟ್ರಾವಿಸ್ ಸ್ಕಾಟ್ ಆ ಗೇಮಿನೊಳಗೆ ಹಾಡಿದಾಗ ಒಂದೇ ಹೊತ್ತಿಗೆ 1.2 ಕೋಟಿಗೂ ಹೆಚ್ಚು ಆಟಗಾರರು ಸೇರಿದ್ದರು. ಜನ ಸೇರುವ ಜಾಗದಲ್ಲಿ ಉಡುಪಿಗೆ ಬೆಲೆ ಬಂದೇ ಬರುತ್ತದೆ.

ಕೊಳ್ಳುವ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಥ ಗೇಮುಗಳಲ್ಲಿ ವಸ್ತುವಿನ ಬೆಲೆ ಡಾಲರಿನಲ್ಲಿ ಇರುವುದಿಲ್ಲ, ಗೇಮಿನದೇ ನಾಣ್ಯದಲ್ಲಿ ಇರುತ್ತದೆ. ವೇಷಕ್ಕೆ 1,200 ನಾಣ್ಯ ಅಂತಿಟ್ಟುಕೊಳ್ಳಿ. ನಾಣ್ಯ ಸಿಗುವುದು ಸಾವಿರ ಸಾವಿರದ ಕಟ್ಟಿನಲ್ಲಿ. ಎರಡು ಕಟ್ಟು ಕೊಂಡಿರಿ, 800 ಉಳಿಯಿತು. ಉಳಿದದ್ದು ವಾಪಸ್ ದುಡ್ಡಾಗುವುದಿಲ್ಲ. ಅದನ್ನು ಖರ್ಚು ಮಾಡೋಕೆ ಮತ್ತೆ ಬರಲೇಬೇಕು, ಅಲ್ವಾ? ಆ ಹೊತ್ತಿಗೆ ನಿಜವಾಗಿ ಎಷ್ಟು ಖರ್ಚಾಯಿತು ಅನ್ನೋ ಲೆಕ್ಕ ದೊಡ್ಡವರಿಗೇ ಸಿಗುವುದಿಲ್ಲ. ಮಕ್ಕಳಿಗೆ ಹೇಗೆ ಸಿಗಬೇಕು?

ಫೋರ್ಟ್‌ನೈಟ್ ಮಾಡಿದ ಎಪಿಕ್ ಗೇಮ್ಸ್ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದೂರು ಹಾಕಿತು. ಅದರಲ್ಲಿದ್ದ ಒಂದು ಮಾತು ನನಗೆ ಮರೆಯಲಾಗಿಲ್ಲ. ಒಂದು ವಸ್ತುವನ್ನು ಸುಮ್ನೆ ನೋಡಲು ಹೋಗಿ ಪಕ್ಕದ ಬಟನ್ ಒತ್ತಿದರೂ ಖರೀದಿ ಆಗಿಬಿಡುತ್ತಿತ್ತು ಅಂತ ಅವರು ಹೇಳಿದ್ದರು. ನಿದ್ದೆಗೆ ಜಾರಿದ ಗೇಮನ್ನು ಎಬ್ಬಿಸಲು ಹೋದಾಗಲೂ ದುಡ್ಡು ಕಟ್ ಆಗಬಹುದಿತ್ತಂತೆ. 2022ರ ಡಿಸೆಂಬರ್‌ನಲ್ಲಿ ಕಂಪನಿ ಒಟ್ಟು 52 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 24.5 ಕೋಟಿ ಆಟಗಾರರಿಗೆ ಮರಳಿಸಲು. ಉಳಿದದ್ದು ಮಕ್ಕಳ ಮಾಹಿತಿಯನ್ನು ಸಂಗ್ರಹಿಸಿದ ವಿಷಯಕ್ಕೆ ದಂಡ. ಬಟನ್ ಎಲ್ಲಿ ಇಡಬೇಕು ಅನ್ನುವುದೂ ಒಂದು ವ್ಯಾಪಾರದ ನಿರ್ಧಾರ ಅಂತ ಇಷ್ಟು ನಿಚ್ಚಳವಾಗಿ ತೋರಿಸಿದ ಪ್ರಕರಣ ಇನ್ನೊಂದಿಲ್ಲ.

ಸೋಷಿಯಲ್ ಮೀಡಿಯಾ ಕಡೆ ಬರೋಣ. ಅವರ ಅನ್ನ ಜಾಹೀರಾತು. ಯಾರಿಗೆ ಯಾವ ಜಾಹೀರಾತು ತೋರಿಸಬೇಕು ಅಂತ ಗೊತ್ತಾಗಬೇಕಾದರೆ, ನಾವು ಬೇರೆ ಆ್ಯಪ್‌ಗಳಲ್ಲಿ ಏನು ಮಾಡುತ್ತೇವೆ ಅನ್ನುವುದೂ ತಿಳಿದಿರಬೇಕು. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ತನ್ನ ಫೋನುಗಳಲ್ಲಿ ಒಂದು ಪ್ರಶ್ನೆ ಕೇಳಲು ಶುರು ಮಾಡಿತು. ಈ ಆ್ಯಪ್ ನಿಮ್ಮ ಬೆನ್ನು ಹತ್ತಬಹುದಾ, ಬೇಡವಾ? ತುಂಬಾ ಜನ ಬೇಡ ಅಂದರು. ಇದರಿಂದ 2022ರಲ್ಲಿ ಸುಮಾರು ಸಾವಿರ ಕೋಟಿ ಡಾಲರ್ ಹೊಡೆತ ಬೀಳುತ್ತದೆ ಅಂತ ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಯೇ ಹೇಳಿತು. 2022ರ ಫೆಬ್ರವರಿ 3ರಂದು ಅದರ ಷೇರು ಒಂದೇ ದಿನ ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇದು ದೊಡ್ಡದು.

ಆಗ ಈ ಕಂಪನಿಗಳು ಗೇಮುಗಳ ದಾರಿ ಹಿಡಿದವು. ದುಡ್ಡನ್ನು ನೇರ ನಮ್ಮಿಂದಲೇ ಕೇಳುವ ದಾರಿ ಅದು. ಸ್ನ್ಯಾಪ್‌ಚಾಟ್ ಹೆಚ್ಚುವರಿ ಸೌಲಭ್ಯಗಳಿಗೆ ತಿಂಗಳಿಗೆ ಸುಮಾರು ನಾಲ್ಕು ಡಾಲರ್ ಕೇಳಿತು. ಟ್ವಿಟರ್ ಎಂಟು ಡಾಲರಿಗೆ ನೀಲಿ ಟಿಕ್ ಕೊಟ್ಟಿತು. ಅದೂ ಒಂದು ಸ್ಕಿನ್ ತಾನೇ? ಟಿಕ್‌ಟಾಕ್ ಲೈವ್‌ನಲ್ಲಂತೂ ನೋಡುವವರು ನಾಣ್ಯ ಕೊಂಡು ಲೈವ್ ಮಾಡುವವರಿಗೆ ಗುಲಾಬಿಯ ಚಿತ್ರ ಕಳಿಸುತ್ತಾರೆ. ಗೇಮಿನಲ್ಲಿ ಇರುವುದೂ ಹೀಗೆಯೇ.

ಎಲ್ಲರೂ ನಾಳೆ ಬಾ ಅಂತ ಕರೆದರೆ ಜನ ಎಷ್ಟು ಕಡೆ ಹೋಗಲು ಸಾಧ್ಯ? ದಿನಕ್ಕೆ ಇರುವುದು 24 ಗಂಟೆ. ಸೋನಿ ವರ್ಷಗಟ್ಟಲೆ ದುಡಿಸಿ 2024ರ ಆಗಸ್ಟ್ 23ರಂದು ಕಾನ್ಕಾರ್ಡ್ ಎಂಬ ಗೇಮ್ ತಂದಿತು. ಸಾಕಷ್ಟು ಜನ ಬರಲಿಲ್ಲ, ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಎರಡೇ ವಾರ! ಕೊಂಡವರಿಗೆ ದುಡ್ಡು ವಾಪಸ್ ಬಂತು. ಮಾಡಿದ ಸ್ಟುಡಿಯೋವನ್ನೂ ಅದೇ ವರ್ಷ ಮುಚ್ಚಿದರು. ಮೈಕ್ರೋಸಾಫ್ಟ್ 6,870 ಕೋಟಿ ಡಾಲರಿಗೆ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿಯನ್ನು ಕೊಂಡ ವ್ಯವಹಾರ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. 2024ರ ಜನವರಿಯಲ್ಲಿ ತನ್ನ ಗೇಮ್ ವಿಭಾಗದ 1,900 ಜನರನ್ನು ಮನೆಗೆ ಕಳಿಸಿತು. ಕೊಳ್ಳಲು ಅಷ್ಟು ದುಡ್ಡಿತ್ತು, ಕೆಲಸದವರನ್ನು ಇಟ್ಟುಕೊಳ್ಳಲು ಇರಲಿಲ್ಲವೇ? ಈ ಪ್ರಶ್ನೆ ನನಗೆ ಇನ್ನೂ ಚುಚ್ಚುತ್ತದೆ.

ನಾಳೆ ಬಾ ಅಂದವರೇ ಒಂದು ದಿನ ಬಾಗಿಲು ಹಾಕಿದರೆ? ಯೂಬಿಸಾಫ್ಟ್‌ನ ದಿ ಕ್ರೂ ಎಂಬ ಕಾರ್ ಓಟದ ಗೇಮ್ 2014ರಲ್ಲಿ ಬಂದಿತ್ತು. ಒಬ್ಬರೇ ಆಡಿದರೂ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ದುಡ್ಡು ಕೊಟ್ಟು ತಂದ ಡಿಸ್ಕ್ ಕೈಯಲ್ಲೇ ಇದೆ, ಹಾಕಿದರೆ ಓಡುವುದಿಲ್ಲ. ಇದಾದ ಮೇಲೆ ಆಟಗಾರರು ಎದ್ದರು. ಗೇಮ್ ನಿಲ್ಲಿಸುವುದಾದರೆ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅಂತ ಯುರೋಪಿನಲ್ಲಿ ಸಹಿ ಸಂಗ್ರಹ ಶುರುವಾಯಿತು. 2025ರ ಜುಲೈ ತಿಂಗಳಲ್ಲಿ ಆ ಸಹಿಗಳು ಹತ್ತು ಲಕ್ಷ ದಾಟಿದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಬಂದಿದೆ. ನೀವು ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಬಳಸುವ ಪರವಾನಗಿಯನ್ನು ಮಾತ್ರ ಅಂತ ಡಿಜಿಟಲ್ ಅಂಗಡಿಗಳು ದುಡ್ಡು ತೆಗೆದುಕೊಳ್ಳುವ ಮೊದಲೇ ತಿಳಿಸಬೇಕು.

ಮುಂದಿನ ಸಲ ಯಾವುದಾದರೂ ಗೇಮ್ ಕೊಳ್ಳುವಾಗ ಬಟನ್ ಹತ್ತಿರದ ಆ ಸಣ್ಣ ಅಕ್ಷರ ಹುಡುಕಿ ನೋಡಿ. ನಮಸ್ಕಾರ.