ಒಪ್ಪಿಗೆ ಕೇಳುವ ಕುಕಿ, ಕೇಳದೆ ಕೂರುವ ಕುಕಿ

ಯಾವುದೋ ಸೈಟು ತೆರೆಯುತ್ತೀರಿ. ಓದೋಕೆ ಶುರು ಮಾಡುವಷ್ಟರಲ್ಲಿ ಅಡ್ಡಲಾಗಿ ಒಂದು ಪಟ್ಟಿ ಎದ್ದು ನಿಲ್ಲುತ್ತೆ: "ನಾವು ಕುಕಿ ಬಳಸುತ್ತೇವೆ, ಒಪ್ಪುತ್ತೀರಾ?" ಒಮ್ಮೆ ತೊಲಗಿದರೆ ಸಾಕು ಅಂತ ಒಪ್ಪಿಗೆ ಒತ್ತಿ ಮುಂದೆ ಹೋಗುತ್ತೀರಿ. ಏನನ್ನೋ ಕೊಟ್ಟುಬಿಟ್ಟೆನಲ್ಲ ಅನ್ನುವ ಅಳುಕು ಒಳಗೆ ಉಳಿದಿರುತ್ತೆ. ನನ್ನ ತಕರಾರು ಇರೋದು ಆ ಅಳುಕಿನ ಬಗ್ಗೆ. ಅದು ತಪ್ಪು ಜಾಗದಲ್ಲಿ ಕೂತಿದೆ. ನಿಮ್ಮನ್ನು ಕೇಳದೆಯೇ ಬಂದು ಕೂರುವ ಇನ್ನೊಂದು ಕುಕಿ ಇದೆ. ಅದಕ್ಕೆ ಯುರೋಪಿನ ಕಟ್ಟುನಿಟ್ಟಿನ ಕಾನೂನು ಕೂಡ ಒಪ್ಪಿಗೆ ಬೇಕು ಅನ್ನೋದಿಲ್ಲ. ಆದರೆ ಮೇಲ್, ಯೂಟ್ಯೂಬ್ ಚಾನೆಲ್, ಹಣ ಕೈಬಿಟ್ಟು ಹೋಗುವುದು ಅದರ ಮೂಲಕ.

ವೆಬ್‌ಗೆ ಹುಟ್ಟಿನಿಂದಲೇ ಮರೆವು. ಒಂದೇ ಸೈಟಿನ ಹತ್ತು ಪುಟ ತೆರೆದರೆ ಸರ್ವರ್ ಪಾಲಿಗೆ ಹತ್ತೂ ಸಲ ನೀವು ಹೊಸಬರು. ಆ ಮರೆವಿಗೆ ಮದ್ದಾಗಿ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ತಂದದ್ದೇ ಕುಕಿ. ಸರ್ವರ್ ಒಂದು ಪುಟ್ಟ ಚೀಟಿ ಬರೆದುಕೊಡುತ್ತೆ, ಹೆಚ್ಚೆಂದರೆ 4 ಕೆಬಿಯಷ್ಟು. ಆ ಸೈಟಿಗೆ ಹೋದಾಗಲೆಲ್ಲ ಬ್ರೌಸರ್ ಅದನ್ನು ತೋರಿಸುತ್ತೆ. ಲಾಗಿನ್ ಆದಾಗ ಸಿಗುವುದೂ ಇಂಥದ್ದೇ ಚೀಟಿ, ಅರ್ಥವಿಲ್ಲದ ಅಕ್ಷರ ಅಂಕಿಗಳ ಒಂದು ಉದ್ದನೆಯ ಸಾಲು. ಅಲ್ಲಿಂದ ಮುಂದೆ ಬಹುತೇಕ ಸೈಟುಗಳು ಪಾಸ್‌ವರ್ಡ್ ಕೇಳಲ್ಲ, ಒಟಿಪಿ ಕೇಳಲ್ಲ. ಚೀಟಿ ನೋಡಿ ಒಳಗೆ ಬಿಡುತ್ತವೆ. ಅದರ ನಕಲು ಬೇರೆಯವರ ಬ್ರೌಸರ್‌ನಲ್ಲಿದ್ದರೆ ಅವರನ್ನೂ ಬಿಡುತ್ತವೆ. "ಎರಡು ಹಂತದ ಭದ್ರತೆ ಹಾಕಿದ್ದೆ, ಆದರೂ ಅಕೌಂಟ್ ಹೋಯ್ತು" ಅನ್ನುವವರ ಒಗಟಿಗೆ ಉತ್ತರ ಇದು. ಆ ಎರಡೂ ಹಂತ ಚೀಟಿ ಬರೆಯುವುದಕ್ಕೆ ಮುಂಚಿನವು.

ಈ ಕಳ್ಳತನ ಹೊಸದಲ್ಲ. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಫೈರ್‌ಶೀಪ್ ಅನ್ನುವ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಜೋಡಿಸುವ ಪುಟ್ಟ ಪ್ರೋಗ್ರಾಮು) ಬಿಡುಗಡೆ ಮಾಡಿದರು. ಆಗ ದೊಡ್ಡ ಸೈಟುಗಳೂ ಲಾಗಿನ್ ಪುಟಕ್ಕೆ ಮಾತ್ರ ಎಚ್‌ಟಿಟಿಪಿಎಸ್ ಅನ್ನುವ ಗೂಢಲಿಪಿಯ ಹೊದಿಕೆ ಹಾಕಿ, ಆಮೇಲಿನ ಪುಟಗಳನ್ನು ಹೊದಿಕೆಯಿಲ್ಲದ ಬರೀ ಎಚ್‌ಟಿಟಿಪಿಯಲ್ಲಿ ಕಳಿಸುತ್ತಿದ್ದವು. ಚೀಟಿ ಗಾಳಿಯಲ್ಲಿ ಬಿಚ್ಚಿಕೊಂಡೇ ಹಾರಾಡುತ್ತಿತ್ತು. ಪಾಸ್‌ವರ್ಡ್ ಇಲ್ಲದ ವೈಫೈಯಲ್ಲಿ ಕೂತು ಫೈರ್‌ಶೀಪ್ ತೆರೆದರೆ ಸುತ್ತಲಿನವರ ಹೆಸರುಗಳು ಸಾಲಾಗಿ ಬರುತ್ತಿದ್ದವು, ಒತ್ತಿದರೆ ಅವರ ಅಕೌಂಟ್ ತೆರೆಯುತ್ತಿತ್ತು. ಆ ಮುಜುಗರವೂ ಸೇರಿ ಇವತ್ತು ಹೆಚ್ಚುಕಡಿಮೆ ಇಡೀ ವೆಬ್ ಎಚ್‌ಟಿಟಿಪಿಎಸ್ ಆಗಿದೆ. ವೈಫೈ ಹೆಸರು ಹೇಳಿ ಹೆದರಿಸಿ ವಿಪಿಎನ್ (ನಿಮ್ಮ ಇಂಟರ್ನೆಟ್ ಸಂಚಾರವನ್ನು ಮುಚ್ಚಿ ಸಾಗಿಸುವ ಸೇವೆ) ಮಾರುವ ಜಾಹೀರಾತುಗಳು ಮಾತ್ರ 2010ರಲ್ಲೇ ನಿಂತಿವೆ.

ಈಗಿನ ಕಳ್ಳ ಗಾಳಿಗೆ ಕಾಯೋದಿಲ್ಲ, ನೇರ ನಿಮ್ಮ ಡಿಸ್ಕಿಗೇ ಬರುತ್ತಾನೆ. ರೆಡ್‌ಲೈನ್, ಲೂಮಾ ಥರದ ಮಾಲ್‌ವೇರ್‌ಗಳಿಗೆ ಇನ್ಫೋಸ್ಟೀಲರ್ ಅಂತ ಹೆಸರು. ಬ್ರೌಸರ್‌ನ ಕುಕಿ ಫೈಲು, ಅದರಲ್ಲೇ ಉಳಿಸಿಟ್ಟ ಪಾಸ್‌ವರ್ಡ್, ಕ್ರಿಪ್ಟೊ ವಾಲೆಟ್, ಇವಿಷ್ಟನ್ನು ಬಾಚಿಕೊಂಡು ಹೋಗೋದೇ ಅವುಗಳ ಕೆಲಸ. ಕುಕಿ ಫೈಲು ಗೂಢಲಿಪಿಯಲ್ಲಿ ಇರುತ್ತೆ ನಿಜ. ಆದರೆ ನಿಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಮಿಗೆ ಅದರ ಕೀಲಿಯನ್ನು ವಿಂಡೋಸ್ ತಾನೇ ಕೊಡುತ್ತಿತ್ತು. 2024ರ ಜುಲೈನಲ್ಲಿ ಕ್ರೋಮ್ 127 ಈ ಕೀಲಿಯನ್ನು ಕ್ರೋಮ್‌ಗೆ ಮಾತ್ರ ಕಟ್ಟಿಹಾಕಿತು. ಕೆಲವೇ ತಿಂಗಳಲ್ಲಿ ಕಳ್ಳರು ಅದಕ್ಕೂ ದಾರಿ ಹುಡುಕಿದರು.

ಬರುವ ದಾರಿಗಳು ಬೆರಳೆಣಿಕೆಯವು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಗೇಮಿನ ಚೀಟ್. ಪ್ರಾಯೋಜಕರ ಹೆಸರಿನಲ್ಲಿ ಬರುವ ಮೇಲ್, ಜೊತೆಗೆ ಪಾಸ್‌ವರ್ಡ್ ಹಾಕಿದ ಜಿಪ್. ಪಾಸ್‌ವರ್ಡ್ ಯಾಕೆ ಅಂದರೆ, ಮೇಲ್ ಸ್ಕ್ಯಾನರ್ ಒಳಗೆ ಇಣುಕಬಾರದು ಅಂತ. ಒಳಗಿನ ಫೈಲಿನ ಹೆಸರು ಪಿಡಿಎಫ್ ಥರ ಕಂಡರೂ ಅದರ ನಿಜವಾದ ಕೊನೆ ಎಸ್‌ಸಿಆರ್ ಅಥವಾ ಇಎಕ್ಸ್‌ಇ, ಅಂದರೆ ತೆರೆದರೆ ಓಡುವ ಪ್ರೋಗ್ರಾಮು. ವಿಂಡೋಸ್ ಆ ಕೊನೆಯನ್ನು ಬಚ್ಚಿಡುತ್ತೆ, ಆದ್ದರಿಂದ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್‌ಗೆ ಟಿಕ್ ಹಾಕಿಡಿ. 2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್ ಅನ್ನುವ ಯೂಟ್ಯೂಬ್ ಚಾನೆಲ್ ಕಳ್ಳರ ಕೈಗೆ ಹೋದದ್ದು ಇಂಥ ಪ್ರಾಯೋಜಕರ ಫೈಲಿನಿಂದಲೇ. ಕಂಪ್ಯೂಟರನ್ನೇ ಉಂಡುಟ್ಟು ಬದುಕುವವರ ಚಾನೆಲ್ ಅದು! ಇತ್ತೀಚಿನ ವರಸೆ ಇನ್ನೂ ನಾಜೂಕು. "ನೀವು ರೋಬೋಟ್ ಅಲ್ಲವೆಂದು ತೋರಿಸಿ" ಅನ್ನುವ ಪುಟ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಎಂಟರ್ ಅನ್ನುತ್ತೆ. ಪುಟ ನಿಮ್ಮ ಕ್ಲಿಪ್‌ಬೋರ್ಡಿನಲ್ಲಿ ಮೊದಲೇ ಇಟ್ಟ ಆಜ್ಞೆಯನ್ನು ನೀವೇ ಕೈಯಾರೆ ಓಡಿಸಿದ ಹಾಗಾಯ್ತು. ಯಾವ ನಿಜವಾದ ಕ್ಯಾಪ್ಚಾವೂ ಕೀಬೋರ್ಡಿನಲ್ಲಿ ಇಂಥ ಕವಾಯತು ಮಾಡಿಸೋದಿಲ್ಲ.

ಎಕ್ಸ್‌ಟೆನ್ಷನ್‌ಗಳ ಬಗ್ಗೆ ನಮಗೆ ಅತಿ ಸಲಿಗೆ. "ಎಲ್ಲ ಸೈಟುಗಳ ನಿಮ್ಮ ಎಲ್ಲ ಮಾಹಿತಿಯನ್ನು ಓದಬಹುದು, ಬದಲಿಸಬಹುದು" ಅನ್ನುವ ಅನುಮತಿಯನ್ನು ಬಣ್ಣ ಬದಲಿಸುವ ಚಿಕ್ಕ ಆಟಿಕೆಗೂ ಕೊಟ್ಟಿರುತ್ತೇವೆ. ಇವತ್ತು ಸಾಚಾ ಆಗಿದ್ದದ್ದು ನಾಳೆಯ ಅಪ್‌ಡೇಟ್‌ನಲ್ಲಿ ಕೆಡಬಹುದು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಅನ್ನುವ ಭದ್ರತಾ ಕಂಪನಿಯ ಎಕ್ಸ್‌ಟೆನ್ಷನ್‌ಗೇ ಹೀಗಾಯ್ತು: ಸಿಬ್ಬಂದಿಯೊಬ್ಬರನ್ನು ಫಿಶಿಂಗ್ ಅನ್ನುವ ಮೋಸದ ಮೇಲ್‌ನಿಂದ ಬಲೆಗೆ ಕೆಡವಿ, ಕುಕಿ ಕದಿಯುವ ಅಪ್‌ಡೇಟನ್ನು ಅಧಿಕೃತ ಅಂಗಡಿಯಿಂದಲೇ ಹಂಚಿದರು. ಬಳಸದ್ದನ್ನು ತೆಗೆದುಹಾಕಿ. ಉಳಿದವಕ್ಕೆ ಸೈಟ್ ಆಕ್ಸೆಸ್‌ನಲ್ಲಿ "ಕ್ಲಿಕ್ ಮಾಡಿದಾಗ ಮಾತ್ರ" ಅಂತ ಇಡಿ. ನಡುವೆ ಕೂತು ಅಸಲಿ ಸೈಟಿನದೇ ಪುಟ ತೋರಿಸಿ, ಒಟಿಪಿ ದಾಟಿಸಿಕೊಂಡು ಚೀಟಿ ಎಗರಿಸುವ ಫಿಶಿಂಗ್ ಕೂಡ ಇದೆ. ಅದನ್ನು ಪಾಸ್‌ಕೀ (ಪಾಸ್‌ವರ್ಡ್ ಬದಲಿಗೆ ಬಳಸುವ ಡಿಜಿಟಲ್ ಕೀಲಿ) ತಡೆಯುತ್ತೆ, ಯಾಕಂದರೆ ನಕಲಿ ವಿಳಾಸಕ್ಕೆ ಅದು ಸಹಿಯನ್ನೇ ಹಾಕಲ್ಲ. ಡಿಸ್ಕಿನಿಂದ ಕದ್ದರೆ ಪಾಸ್‌ಕೀಯೂ ಕೈಕಟ್ಟಿ ಕೂರಬೇಕಾದ್ದೇ.

ಕದ್ದದ್ದು ಗೊತ್ತಾದ ಮೇಲೆ ಜನ ಮಾಡುವ ಮೊದಲ ತಪ್ಪು, ಬ್ರೌಸರ್‌ನ ಕುಕಿ ಅಳಿಸೋದು. ಅಳಿಯುವುದು ನಿಮ್ಮ ಪ್ರತಿ. ಕಳ್ಳನ ಪ್ರತಿ ಹಾಗೇ ಇರುತ್ತೆ, ಸರ್ವರ್‌ನ ಲೆಕ್ಕದಲ್ಲಿ ಆ ಸೆಷನ್, ಅಂದರೆ ಆ ಲಾಗಿನ್, ಇನ್ನೂ ಜೀವಂತ. ಎರಡನೇ ತಪ್ಪು, ಸೋಂಕಿದ ಕಂಪ್ಯೂಟರ್‌ನಲ್ಲೇ ಕೂತು ಪಾಸ್‌ವರ್ಡ್ ಬದಲಿಸೋದು. ಹೊಸದೂ ಅವನ ಕೈಗೇ ಹೋಗಬಹುದು. ಆದ್ದರಿಂದ ಬೇರೆ ಫೋನ್ ಅಥವಾ ಕಂಪ್ಯೂಟರ್ ಹಿಡಿಯಿರಿ. ಮೊದಲು ಮೇಲ್ ಅಕೌಂಟು, ಉಳಿದೆಲ್ಲದರ ಪಾಸ್‌ವರ್ಡ್ ಬದಲಿಸುವ ಲಿಂಕು ಅಲ್ಲಿಗೇ ಬರೋದು. ಪಾಸ್‌ವರ್ಡ್ ಬದಲಿಸಿದ ಕೂಡಲೇ "ಎಲ್ಲ ಸಾಧನಗಳಿಂದ ಸೈನ್ ಔಟ್" ಒತ್ತಿ. ಗೂಗಲ್ ಅಕೌಂಟಿನಲ್ಲಾದರೆ ಸೆಕ್ಯೂರಿಟಿ ಪುಟದ ಯುವರ್ ಡಿವೈಸಸ್ ಭಾಗದಲ್ಲಿ ಒಂದೊಂದನ್ನೇ ತೆಗೆಯಿರಿ. ಆಮೇಲೆ ರಿಕವರಿ ನಂಬರ್, ರಿಕವರಿ ಮೇಲ್, ಫಾರ್ವರ್ಡಿಂಗ್ ನಿಯಮ, ಆಪ್ ಪಾಸ್‌ವರ್ಡ್‌ಗಳನ್ನು (ಬೇರೆ ಆಪ್‌ಗಳಿಗೆಂದು ಮಾಡಿಕೊಟ್ಟ ಪ್ರತ್ಯೇಕ ಪಾಸ್‌ವರ್ಡ್) ನೋಡಿ. ಕಳ್ಳ ಮತ್ತೆ ಬರೋಕೆ ಕಿಟಕಿ ತೆರೆದಿಟ್ಟು ಹೋಗುವುದು ಇಲ್ಲೇ. ಸೋಂಕಿದ ಯಂತ್ರಕ್ಕೆ ವಿಂಡೋಸ್ ಹೊಸದಾಗಿ ಹಾಕಿ.

ಇನ್ನು ಶುರುವಿನಲ್ಲಿ ಹೇಳಿದ ಆ ಒಪ್ಪಿಗೆಯ ಪಟ್ಟಿ. ಜಾಹೀರಾತು ಕಂಪನಿಗಳು ಸೈಟಿನಿಂದ ಸೈಟಿಗೆ ನಿಮ್ಮ ಬೆನ್ನು ಬೀಳುವುದು ಥರ್ಡ್ ಪಾರ್ಟಿ ಕುಕಿಯಿಂದ, ಅಂದರೆ ನೀವು ತೆರೆದ ಸೈಟಿನದ್ದಲ್ಲದ, ಅದರ ಪುಟದಲ್ಲಿ ಸೇರಿಕೊಂಡ ಬೇರೆಯವರ ಕುಕಿಯಿಂದ. ಸಫಾರಿ 2020ರ ಮಾರ್ಚ್‌ನಲ್ಲೇ ಅದನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಒಂದೊಂದು ಸೈಟಿನ ಕುಕಿಯನ್ನು ಒಂದೊಂದು ಡಬ್ಬಿಯಲ್ಲಿ ಇಡುತ್ತಿದೆ. ಎರಡು ವರ್ಷದಲ್ಲಿ ತೆಗೆಯುತ್ತೇವೆ ಅಂತ 2020ರಲ್ಲಿ ಹೇಳಿದ ಗೂಗಲ್, ಮುಂದೂಡಿ ಮುಂದೂಡಿ 2024ರ ಜುಲೈನಲ್ಲಿ ಕೈಬಿಟ್ಟಿತು. ಹಾಗಾಗಿ ಕ್ರೋಮ್‌ನಲ್ಲಿ ನೀವೇ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಥರ್ಡ್ ಪಾರ್ಟಿ ಕುಕೀಸ್ ಅಂತ ಹೋಗಿ ತಡೆಯಬೇಕು. ಬ್ರೌಸರ್‌ನಲ್ಲಿ ಒಂದು ಸಲ ಮುಗಿಯುವ ಈ ಕೆಲಸವನ್ನು ಪ್ರತಿ ಸೈಟಿನ ಬಾಗಿಲಲ್ಲಿ ಓದುಗನ ತಲೆಗೆ ಕಟ್ಟಿದ್ದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಿರಾಕರಿಸುವ ಬಟನ್ ಕಂಡರೆ ಒತ್ತಿ, ಲಾಗಿನ್‌ಗೆ ಅದರಿಂದ ಏನೂ ಆಗಲ್ಲ.

ಇಷ್ಟರಲ್ಲಿ ಸೈಟು ಕಟ್ಟುವವರ ಪಾಲೂ ಇದೆ. ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ಎಫ್12 ಒತ್ತಿ, ಕ್ರೋಮ್‌ನಲ್ಲಿ ಅಪ್ಲಿಕೇಶನ್, ಫೈರ್‌ಫಾಕ್ಸ್‌ನಲ್ಲಿ ಸ್ಟೋರೇಜ್ ಟ್ಯಾಬ್ ತೆರೆಯಿರಿ. ಲಾಗಿನ್ ಕುಕಿಯ ಸಾಲಿನಲ್ಲಿ ಎಚ್‌ಟಿಟಿಪಿ ಓನ್ಲಿ ಇರಬೇಕು, ಇಲ್ಲದಿದ್ದರೆ ಪುಟಕ್ಕೆ ನುಸುಳಿದ ಯಾವ ಸ್ಕ್ರಿಪ್ಟ್ ಬೇಕಾದರೂ ಅದನ್ನು ಓದುತ್ತೆ. ಸೆಕ್ಯೂರ್ ಇರಬೇಕು, ಆಗ ಚೀಟಿ ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗುತ್ತೆ. ಬೇರೆ ಸೈಟಿನಿಂದ ಹೊರಟ ಕೋರಿಕೆಗಳ ಜೊತೆ ಚೀಟಿ ಹೋಗದಂತೆ ತಡೆಯುವ ಸೇಮ್‌ಸೈಟ್ ಕಡೇಪಕ್ಷ ಲ್ಯಾಕ್ಸ್ (ಸಡಿಲ ಮಟ್ಟ) ಇರಬೇಕು. ಇನ್ನೂ ಒಂದು ಪರೀಕ್ಷೆ, ನಿಮ್ಮದೇ ಅಕೌಂಟಿನಲ್ಲಿ ಮಾತ್ರ ಮಾಡಿ. ಆ ಕುಕಿಯ ಹೆಸರು, ಮೌಲ್ಯ ಎರಡನ್ನೂ ನಕಲು ಮಾಡಿಟ್ಟು ಲಾಗ್ ಔಟ್ ಆಗಿ. ಹಳೆಯದನ್ನು ಅದೇ ಜಾಗದಲ್ಲಿ ಮತ್ತೆ ಅಂಟಿಸಿ ಪುಟ ರಿಫ್ರೆಶ್ ಮಾಡಿ. ಲಾಗಿನ್ ಪುಟ ಬಂದರೆ ಸರಿ. ನಿಮ್ಮ ಹೆಸರು ಹಿಡಿದು ಸ್ವಾಗತಿಸಿದರೆ ಆ ಸೈಟಿನ ಲಾಗ್ ಔಟ್ ಬಟನ್ ಗೋಡೆಗೆ ಬರೆದ ಬಾಗಿಲು. ಕೆಲವು ಸೈಟುಗಳು ಇಂಥ ದೂರಿಗೆಂದೇ ಸೆಕ್ಯೂರಿಟಿ ಡಾಟ್ ಟಿಎಕ್ಸ್‌ಟಿ ಅನ್ನುವ ಫೈಲಿನಲ್ಲಿ ವಿಳಾಸ ಕೊಟ್ಟಿರುತ್ತವೆ. ಕಂಡದ್ದನ್ನು ಅಲ್ಲಿಗೆ ಬರೆದು ಕಳಿಸಿ, ಕುಕಿಯ ಮೌಲ್ಯವನ್ನು ಮಾತ್ರ ಪತ್ರದಲ್ಲಿ ಅಂಟಿಸಬೇಡಿ.