ಸೈಕಲ್ ರಿಪೇರಿಯಲ್ಲಿ ಬಿಡಿಭಾಗಗಳ ಹೊಂದಾಣಿಕೆ

ಗೆಳೆಯರೇ,

ಸವೆದ ಭಾಗವನ್ನು ಬಿಚ್ಚಿ ಹೊಸದನ್ನು ಜೋಡಿಸುವುದನ್ನು ಕೈ ಬೇಗ ಕಲಿಯುತ್ತದೆ. ಯಾವ ಹೊಸದನ್ನು ಜೋಡಿಸಬೇಕೆಂದು ತಿಳಿಯುವುದಕ್ಕೆ ಹೆಚ್ಚು ಕಾಲ ಬೇಕು, ಮತ್ತು ಇಂದು ನಾನು ಮಾತನಾಡುವುದು ಅದರ ಬಗ್ಗೆಯೇ. ಬೇರೆ ಬೇರೆ ದೇಶಗಳ ತಯಾರಕರು ಬಹುಕಾಲ ತಮ್ಮ ತಮ್ಮ ಅಳತೆಗಳನ್ನೇ ಅನುಸರಿಸಿಕೊಂಡು ಬಂದದ್ದರಿಂದ, ಹೆಸರಿನಲ್ಲಿ ಒಂದೇ ಆಗಿದ್ದು ಗಾತ್ರದಲ್ಲಿ ಬೇರೆಯಾಗಿರುವ ಎಷ್ಟೋ ಭಾಗಗಳು ಇಂದಿಗೂ ಬಳಕೆಯಲ್ಲಿವೆ. ಒಂದು ಭಾಗ ತನ್ನ ಜಾಗದಲ್ಲಿ ಕೂತಿತೆಂದ ಮಾತ್ರಕ್ಕೆ ಅದು ಅಲ್ಲಿಗೆ ಹೊಂದುತ್ತದೆ ಎಂದು ಹೇಳಲಾಗದು.

ರಿಪೇರಿ ಕಲಿಯುತ್ತಿದ್ದ ದಿನಗಳಲ್ಲಿ ನಾನು 26 ಇಂಚಿನ ಚಕ್ರಕ್ಕೆಂದು 26 ಇಂಚಿನ ಟೈರನ್ನೇ ತಂದು, ಲಿವರಿನಿಂದ ಮೀಟಿ ಮೀಟಿ, ಕೊನೆಗೆ ಒಳಗಿನ ಟ್ಯೂಬನ್ನೇ ಹರಿದುಹಾಕಿದೆ. ರಿಮ್ಮು 26 × 1 1/4ರದ್ದು, ತಂದ ಟೈರು 26 × 1 3/8ರದ್ದು. ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ ಮೊದಲನೆಯದರಲ್ಲಿ 597 ಮಿ.ಮೀ., ಎರಡನೆಯದರಲ್ಲಿ 590 ಮಿ.ಮೀ. ಏಳು ಮಿಲಿಮೀಟರು ಕಣ್ಣಿಗೆ ಕಾಣುವುದಿಲ್ಲ, ಆದರೆ ತಂತಿಯ ಅಂಚು ಅಷ್ಟು ಹಿಗ್ಗುವುದೂ ಇಲ್ಲ. ಇದಕ್ಕಿಂತ ವಿಚಿತ್ರವಾದದ್ದು 26 × 1.75 ಮತ್ತು 26 × 1 3/4 ಎಂಬ ಜೋಡಿ. ಲೆಕ್ಕದಲ್ಲಿ ಎರಡೂ ಒಂದೇ. ಆದರೆ ದಶಮಾಂಶದಲ್ಲಿ ಬರೆದದ್ದು 559 ಮಿ.ಮೀ. ರಿಮ್ಮಿಗೆ, ಭಿನ್ನರಾಶಿಯಲ್ಲಿ ಬರೆದದ್ದು 571 ಮಿ.ಮೀ. ರಿಮ್ಮಿಗೆ ಸೇರಿದ್ದು. ಇನ್ನೊಂದೆಡೆ 700ಸಿ ಎಂದೂ 29 ಇಂಚು ಎಂದೂ ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಟೈರುಗಳು ಕೂರುವುದು ಒಂದೇ 622 ಮಿ.ಮೀ. ವ್ಯಾಸದ ಮೇಲೆ. ಆದ್ದರಿಂದ ಇಂಚಿನ ಹೆಸರನ್ನು ಬದಿಗಿಟ್ಟು, ಟೈರಿನ ಪಕ್ಕೆಯಲ್ಲಿ 37-590 ಎಂಬಂತೆ ಅಚ್ಚಾಗಿರುವ ಸಂಖ್ಯೆಯನ್ನು ಹುಡುಕಿ. ಮೊದಲನೆಯದು ಅಗಲ, ಎರಡನೆಯದು ವ್ಯಾಸ. ಅಗಲದಲ್ಲಿ ತುಸು ಹೆಚ್ಚುಕಡಿಮೆಯನ್ನು ರಿಮ್ಮು ಸಹಿಸೀತು, ವ್ಯಾಸದಲ್ಲಿ ಸಹಿಸದು.

ಥ್ರೆಡ್ಡಿನ ವಿಷಯದಲ್ಲಿ ತಪ್ಪಿನ ಬೆಲೆ ಇನ್ನೂ ದೊಡ್ಡದು, ಏಕೆಂದರೆ ಹಾಳಾಗುವುದು ಹೊಸ ಭಾಗ ಮಾತ್ರವಲ್ಲ, ಅದನ್ನು ಹಿಡಿದಿಡಬೇಕಾದ ಕ್ರ್ಯಾಂಕು (ಪೆಡಲನ್ನು ಹೊತ್ತ ತೋಳು) ಅಥವಾ ಫ್ರೇಮು ಕೂಡ. ಇಂದಿನ ಬಹುತೇಕ ಪೆಡಲುಗಳ ಆಕ್ಸಲ್ 9/16 ಇಂಚು, ಅಂದರೆ ಸುಮಾರು 14.3 ಮಿ.ಮೀ.; ಹಳೆಯ ಫ್ರೆಂಚ್ ಸೈಕಲ್ಲುಗಳದು 14 ಮಿ.ಮೀ. ಬಲವಂತ ಮಾಡಿದರೆ ದಪ್ಪನೆಯದು ಕ್ರ್ಯಾಂಕಿನ ಥ್ರೆಡ್ಡನ್ನು ಕೊರೆದುಕೊಂಡು ಒಳಗೆ ಹೋಗಿಯೇಬಿಡುತ್ತದೆ. ಎಡಗಡೆಯ ಪೆಡಲಿಗೆ ಎಡಮುರಿ ಥ್ರೆಡ್ (ಎಡಕ್ಕೆ ತಿರುಗಿಸಿದರೆ ಬಿಗಿಯುವಂಥದ್ದು) ಇರುವುದು ಏಕೆಂದು ಹಲವರು ಕೇಳುತ್ತಾರೆ. ತುಳಿಯುವಾಗ ಆಕ್ಸಲ್ ಮೇಲಿನ ಒತ್ತಡದ ದಿಕ್ಕು ಸುತ್ತುತ್ತಾ ಹೋಗುವುದರಿಂದ, ಆಕ್ಸಲ್ ತನ್ನ ರಂಧ್ರದೊಳಗೆ ಕಣ್ಣಿಗೆ ಕಾಣದಷ್ಟು ಹೊರಳುತ್ತಿರುತ್ತದೆ. ಆ ಹೊರಳಾಟ ಪೆಡಲನ್ನು ಸಡಿಲಿಸದೆ ಬಿಗಿಯುವಂತೆ ಥ್ರೆಡ್ಡಿನ ದಿಕ್ಕನ್ನು ಆರಿಸಲಾಗಿದೆ. ಇದೇ ಕಾರಣಕ್ಕೆ ಇಂಗ್ಲಿಷ್ ಮಾದರಿಯ ಫ್ರೇಮಿನಲ್ಲಿ ಬಾಟಮ್ ಬ್ರಾಕೆಟ್ಟಿನ (ಬಿ.ಬಿ., ಅಂದರೆ ಕ್ರ್ಯಾಂಕುಗಳ ಆಕ್ಸಲ್ ಫ್ರೇಮಿನೊಳಗೆ ತಿರುಗುವ ಜಾಗ) ಬೇರಿಂಗನ್ನು ಹಿಡಿದಿಡುವ ಬಲಗಡೆಯ ಕಪ್ಪಿಗೆ ಎಡಮುರಿ ಥ್ರೆಡ್ ಇದೆ. ಇಟಾಲಿಯನ್ ಮಾದರಿಯಲ್ಲಿ ಎರಡೂ ಬಲಮುರಿ, ಹಾಗಾಗಿ ಅಲ್ಲಿ ಬಲಗಡೆಯ ಕಪ್ಪು ಸಡಿಲವಾಗುವ ಸ್ವಭಾವ ಉಳಿದಿದೆ. ಗುರುತಿಸಲು ಶೆಲ್ಲಿನ, ಅಂದರೆ ಈ ಕಪ್ಪುಗಳು ಕೂರುವ ಫ್ರೇಮಿನ ಕೊಳವೆಯ, ಅಗಲವನ್ನು ಅಳೆಯಿರಿ: ಇಂಗ್ಲಿಷಿನದು 68 ಅಥವಾ 73 ಮಿ.ಮೀ., ಇಟಾಲಿಯನ್ನಿನದು 70.

ಚೈನಿನಲ್ಲಿ ಗಾತ್ರದ ಜತೆಗೆ ವಯಸ್ಸೂ ಹೊಂದಬೇಕು. ಚೈನು ಎಳೆದುಹೋಗಿದೆ ಎಂದು ನಾವು ಹೇಳುತ್ತೇವಾದರೂ ಅದರ ಪಟ್ಟಿಗಳು ಎಳೆದಿರುವುದಿಲ್ಲ. ಒಳಗಿನ ಪಿನ್ನುಗಳೂ ಅವು ತಿರುಗುವ ಜಾಗಗಳೂ ಸವೆದಿರುತ್ತವೆ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 24 ಅಂತರಗಳಿಗೆ ಸರಿಯಾಗಿ 12 ಇಂಚು. ಆ ಉದ್ದ 12 1/16 ಇಂಚಾದಾಗ ಚೈನನ್ನು ಬದಲಿಸುವುದು ಒಳ್ಳೆಯದು. 12 1/8 ಇಂಚು ತಲುಪುವ ಹೊತ್ತಿಗೆ ಹಲ್ಲುಚಕ್ರಗಳೂ ಆ ಉದ್ದಕ್ಕೇ ಸವೆದಿರುವ ಸಂಭವ ಹೆಚ್ಚು. ಆಗ ಹೊಸ ಚೈನನ್ನು ಮಾತ್ರ ಹಾಕಿದರೆ, ಎಲ್ಲ ಅಳತೆಯೂ ಸರಿಯಿದ್ದರೂ, ಜೋರಾಗಿ ತುಳಿದಾಗ ಅದು ಹಲ್ಲಿನ ಮೇಲೆ ಜಿಗಿಯುತ್ತದೆ. ಇದರಲ್ಲಿ ಹೊಸ ಚೈನಿನ ದೋಷವೇನೂ ಇಲ್ಲ.

ಗೇರಿನ ಲಿವರ್, ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ), ಹಲ್ಲುಚಕ್ರಗಳ ಗುಂಪು, ಈ ಮೂರನ್ನೂ ಒಟ್ಟಿಗೇ ಯೋಚಿಸಬೇಕು. ಲಿವರಿನ ಒಂದು ಕ್ಲಿಕ್ಕು ಎಷ್ಟು ಕೇಬಲನ್ನು ಎಳೆಯುತ್ತದೆಯೋ ಅದನ್ನು ಡಿರೇಲರಿನ ಅನುಪಾತದಿಂದ (ಒಂದು ಮಿ.ಮೀ. ಕೇಬಲ್ ಎಳೆತಕ್ಕೆ ಅದು ಎಷ್ಟು ಮಿ.ಮೀ. ಸರಿಯುತ್ತದೆ ಎಂಬುದರಿಂದ) ಗುಣಿಸಿದರೆ ಎರಡು ಹಲ್ಲುಚಕ್ರಗಳ ನಡುವಿನ ಅಂತರ ಬರಬೇಕು. ಶಿಮಾನೊ ಕಂಪನಿಯ 8 ಗೇರಿನ ವ್ಯವಸ್ಥೆಯಲ್ಲಿ ಸುಮಾರು 2.8 ಮಿ.ಮೀ. ಎಳೆತ, 1.7ರ ಅನುಪಾತ, 4.8 ಮಿ.ಮೀ. ಅಂತರ. ಅದೇ ಲಿವರನ್ನು 9 ಗೇರಿನ ಗುಂಪಿಗೆ ಜೋಡಿಸಿದರೆ ಅಲ್ಲಿನ ಅಂತರ ಸುಮಾರು 4.35 ಮಾತ್ರ. ಪ್ರತಿ ಕ್ಲಿಕ್ಕಿಗೂ ಅರ್ಧ ಮಿಲಿಮೀಟರಿನಷ್ಟು ತಪ್ಪು ಕೂಡುತ್ತಾ ಹೋಗಿ, ಕೇಬಲನ್ನು ಎಷ್ಟೇ ಬಿಗಿ ಮಾಡಿದರೂ ಎಲ್ಲ ಗೇರುಗಳೂ ಒಮ್ಮೆಗೇ ಸರಿಹೋಗುವುದಿಲ್ಲ. ಇಂತಹ ಸೈಕಲ್ಲಿನ ಮುಂದೆ ಗಂಟೆಗಟ್ಟಲೆ ಕೂತವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬ್ರೇಕಿನ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ರಿಮ್ಮನ್ನು ಎರಡೂ ಬದಿಯಿಂದ ಒತ್ತುವ ಉದ್ದ ತೋಳಿನ ವಿ-ಬ್ರೇಕಿಗೆ ಹಳೆಯ ಕ್ಯಾಲಿಪರ್ ಬ್ರೇಕಿನ ಹೆಚ್ಚುಕಡಿಮೆ ಎರಡರಷ್ಟು ಕೇಬಲ್ ಎಳೆತ ಬೇಕು. ವಿ-ಬ್ರೇಕಿನ ಲಿವರನ್ನು ಕ್ಯಾಲಿಪರ್ ಬ್ರೇಕಿಗೆ ಜೋಡಿಸಿ ನಿಂತಲ್ಲೇ ಒತ್ತಿ ನೋಡಿದರೆ ಅದು ಬಹಳ ಗಟ್ಟಿಯಾಗಿ ಹಿಡಿದಂತೆ ತೋರುತ್ತದೆ, ಆದರೆ ಇಳಿಜಾರಿನಲ್ಲಿ ಚಕ್ರ ನಿಲ್ಲುವುದಿಲ್ಲ. ಕೈಗೆ ಗಟ್ಟಿಯಾಗಿ ಸಿಗುವುದೇ ಇಲ್ಲಿ ಬಲ ಕಡಿಮೆಯಾಗಿದೆ ಎಂಬುದರ ಗುರುತು. ಕೇಬಲಿನ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕುಗಳಲ್ಲಿ ಕೆಲವಕ್ಕೆ ಡಾಟ್ ಎಂಬ ಬ್ರೇಕ್ ದ್ರವ, ಕೆಲವಕ್ಕೆ ಮಿನರಲ್ ಆಯಿಲ್. ಒಂದರ ಜಾಗದಲ್ಲಿ ಇನ್ನೊಂದನ್ನು ತುಂಬಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ.

ಈ ಮೇಜಿನ ಮೇಲೆ ಎರಡು ಸೀಟ್ ಪೋಸ್ಟುಗಳು, ಅಂದರೆ ಸೀಟನ್ನು ಹೊರುವ ಕೊಳವೆಗಳಿವೆ. ಒಂದು 27.0 ಮಿ.ಮೀ., ಇನ್ನೊಂದು 27.2. ಎರಡೂ ಪಕ್ಕದ ಫ್ರೇಮಿನೊಳಗೆ ಇಳಿಯುತ್ತವೆ, ಆದರೆ ಸವಾರನ ಭಾರವನ್ನು ಜಾರದೆ ಹೊರುವುದು ಒಂದು ಮಾತ್ರ. ಅಳತೆಯ ಕ್ಯಾಲಿಪರನ್ನು ಕೈಯಿಂದ ಕೈಗೆ ದಾಟಿಸುತ್ತಾ ಒಬ್ಬೊಬ್ಬರಾಗಿ ಅಳೆದು ನೋಡಿ.